ಡೇಟಾ ಕೆಲಸ ಕಲಿಯಲು ಬೆಂಗಳೂರೇ ಬೇಕೆ?

ರೈತನ ಹೆಸರು ಉತಾರದಲ್ಲಿ ಒಂದು ಥರ, ಪಾಸ್‌ಬುಕ್ಕಿನಲ್ಲಿ ಇನ್ನೊಂದು ಥರ, ಕಾರ್ಖಾನೆಯ ತೂಕದ ಚೀಟಿಯಲ್ಲಿ ಮತ್ತೊಂದು ಥರ ಇದ್ದರೆ ಕಬ್ಬಿನ ಬಿಲ್ ಯಾರ ಖಾತೆಗೆ ಹೋಗಬೇಕು? ಹೀಗೆ ಬೇರೆ ಬೇರೆ ಕಡೆಯ ಮಾಹಿತಿಯನ್ನು ತಂದು, ತಪ್ಪು ತೆಗೆದು, ಜೋಡಿಸಿ, ದಿನಾಲೂ ತಾನಾಗಿ ಹೊತ್ತಿಗೆ ಸರಿಯಾಗಿ ತಲುಪುವಂತೆ ಕಂಪ್ಯೂಟರಿನಲ್ಲಿ ವ್ಯವಸ್ಥೆ ಮಾಡುವುದೇ ಡೇಟಾ ಎಂಜಿನಿಯರಿಂಗ್.

ಇದನ್ನು ಕಲಿಯುವ ಜಾಗ ನಮ್ಮಲ್ಲೇ ಇದೆ. ಗೋಕಾಕ, ಮೂಡಲಗಿ ಭಾಗದ ಸಕ್ಕರೆ ಕಾರ್ಖಾನೆಗಳಲ್ಲಿ ಹಂಗಾಮು ಶುರುವಾದರೆ ಹಗಲು-ರಾತ್ರಿ ತೂಕದ ಲೆಕ್ಕ. ಹುಕ್ಕೇರಿಯಲ್ಲಿ 1969ರಿಂದಲೂ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವಿದೆ. ಅಲ್ಲಿ ಮನೆಮನೆಯ ಮೀಟರ್ ಲೆಕ್ಕ.

1961ರ ಅಪ್ರೆಂಟಿಸ್ ಕಾಯ್ದೆಯ ನಿಯಮದಂತೆ, 30 ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆ ಆ ಸಂಖ್ಯೆಯ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ತಿಂಗಳಿಗೆ ಪದವೀಧರರಿಗೆ ಕನಿಷ್ಠ 9,000, ಡಿಪ್ಲೊಮಾದವರಿಗೆ 8,000 ರೂಪಾಯಿ ಎಂದು 2019ರಲ್ಲಿ ನಿಗದಿಯಾಗಿತ್ತು. ಫಿಟ್ಟರ್, ಎಲೆಕ್ಟ್ರಿಷಿಯನ್‌ಗಳ ಜೊತೆಗೆ ಬಿಸಿಎ, ಬಿಎಸ್ಸಿ ಮುಗಿಸಿದ ಊರಿನ ಒಂದಿಬ್ಬರನ್ನು ಡೇಟಾ ಕೆಲಸಕ್ಕೂ ತೆಗೆದುಕೊಳ್ಳಿ ಎಂದು ಷೇರುದಾರ ರೈತರು ವಾರ್ಷಿಕ ಸಭೆಯಲ್ಲಿ ಕೇಳಬೇಕು. ಲೆಕ್ಕ ಸರಿಯಾದರೆ ಲಾಭ ರೈತರಿಗೂ ಇದೆ.

ತಮ್ಮಂದಿರೇ, ತಂಗಿಯರೇ, ಅಷ್ಟರಲ್ಲಿ ನೀವು ಎಕ್ಸೆಲ್, ಎಸ್‌ಕ್ಯೂಎಲ್, ಸ್ವಲ್ಪ ಪೈಥಾನ್ ಕಲಿತಿರಿ. ಕೇಂದ್ರ ಸರ್ಕಾರದ ನ್ಯಾಟ್ಸ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿ. ಒಪ್ಪಂದ ಬರವಣಿಗೆಯಲ್ಲಿರಲಿ. ಅವಧಿ ಮುಗಿದ ಮೇಲೆ ಅಲ್ಲೇ ನೌಕರಿ ಕೊಡಬೇಕೆಂಬ ಕಡ್ಡಾಯವಿಲ್ಲ, ಇದು ಗೊತ್ತಿರಲಿ. ಆದರೆ ಮಾಡಿದ ಕೆಲಸದ ಅನುಭವ ಹಿಡಿದು ಬೇರೆ ಕಡೆ ಬಾಗಿಲು ತಟ್ಟಬಹುದು. ಒಂದು ಮಾತು: ಕೆಲಸ ಕಲಿಸುತ್ತೇವೆಂದು ನಿಮ್ಮಿಂದಲೇ ದುಡ್ಡು ಕೇಳಿದರೆ ಅದು ಅಪ್ರೆಂಟಿಸ್‌ಶಿಪ್ ಅಲ್ಲ.