ತಂತ್ರಾಂಶ ಬದಲಾವಣೆ: ಗಡುವು ಯಾರದು, ಹೊರೆ ಯಾರಿಗೆ?

ಖರೀದಿ, ದಾಸ್ತಾನು, ಉತ್ಪಾದನೆ, ಲೆಕ್ಕಪತ್ರ ಇವೆಲ್ಲವನ್ನೂ ಒಂದೇ ವ್ಯವಸ್ಥೆಯಲ್ಲಿ ಹೆಣೆದಿರುವ ತನ್ನ ಹಳೆಯ ಉದ್ದಿಮೆ ತಂತ್ರಾಂಶ ‘ಇಸಿಸಿ 6.0’ಕ್ಕೆ 2027ರ ಅಂತ್ಯದ ನಂತರ ಸಾಮಾನ್ಯ ನಿರ್ವಹಣಾ ಬೆಂಬಲ ದೊರೆಯದು ಎಂದು ಜರ್ಮನಿಯ ಎಸ್‌ಎಪಿ ಸಂಸ್ಥೆ ಸಾರಿ ವರ್ಷಗಳೇ ಸಂದಿವೆ. ಆ ತಂತ್ರಾಂಶದ ಆರಂಭಿಕ ಪರಿಷ್ಕರಣೆಗಳಲ್ಲೇ ಉಳಿದವರಿಗೆ 2025ರ ಅಂತ್ಯವೇ ಕೊನೆ. ಇದನ್ನು ನೆಚ್ಚಿಕೊಂಡ ಕಂಪನಿಗಳ ಮುಂದಿರುವ ಪ್ರಶ್ನೆಗಳು ಎರಡು. ಹೊಸದಕ್ಕೆ ಹೋಗಬೇಕೆ? ಹೋಗುವುದಾದರೆ ಯಾವಾಗ? ಮೊದಲನೆಯದನ್ನು ಆಡಳಿತ ಮಂಡಳಿಗಳು ತಿಂಗಳುಗಟ್ಟಲೆ ಚರ್ಚಿಸುತ್ತವೆ. ಎರಡನೆಯದನ್ನು ಮಾರಾಟಗಾರರಿಗೇ ಬಿಟ್ಟುಬಿಡುವುದು ರೂಢಿಯಾಗಿದೆ. ನಷ್ಟದ ಮೂಲವಿರುವುದು ಬಹುಮಟ್ಟಿಗೆ ಇಲ್ಲಿಯೇ.

ಈ ಗಡುವಿನ ಇತಿಹಾಸವನ್ನೇ ನೋಡೋಣ. ಹೊಸ ತಂತ್ರಾಂಶ ‘ಎಸ್/4 ಹಾನಾ’ ಮಾರುಕಟ್ಟೆಗೆ ಬಂದದ್ದು 2015ರ ಫೆಬ್ರುವರಿಯಲ್ಲಿ. ಹಳೆಯದಕ್ಕೆ 2025ರವರೆಗೆ ಮಾತ್ರ ಬೆಂಬಲ ಎಂದು ಮೊದಲು ಹೇಳಲಾಗಿತ್ತು. 2020ರ ಫೆಬ್ರುವರಿಯಲ್ಲಿ ಸಂಸ್ಥೆಯೇ ಅದನ್ನು 2027ಕ್ಕೆ ಮುಂದೂಡಿತು. ನಿರ್ವಹಣಾ ಶುಲ್ಕದ ದರಕ್ಕೆ ಇನ್ನೂ ಶೇಕಡಾ ಎರಡು ಅಂಶ ಸೇರಿಸಿ ತೆರುವವರಿಗೆ 2030ರವರೆಗೂ ಅವಕಾಶ ನೀಡಿತು. ಮಾರುವವರ ಗಡುವು ಶಿಲಾಶಾಸನವಲ್ಲ ಎಂಬುದು ಇದರಿಂದ ಸ್ಪಷ್ಟ. ಹಾಗೆಂದು ಕಾಯುವಿಕೆ ಪುಕ್ಕಟೆಯೂ ಅಲ್ಲ. ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಉಚಿತ ಬೆಂಬಲ ನಿಲ್ಲಿಸಿದಾಗ, ಹಳೆಯದರಲ್ಲೇ ಉಳಿಯಬಯಸುವ ಉದ್ದಿಮೆಗಳಿಗೆ ಮೊದಲ ವರ್ಷಕ್ಕೆ ಗಣಕವೊಂದಕ್ಕೆ 61 ಡಾಲರ್ ದರ ನಿಗದಿಪಡಿಸಿತು. ಪ್ರತಿ ವರ್ಷ ಅದು ಇಮ್ಮಡಿಯಾಗುತ್ತದೆ. ಮೂರು ವರ್ಷಗಳ ನಂತರ ಅದೂ ಇಲ್ಲ.

ಬೆಂಬಲ ನಿಂತ ಮಾತ್ರಕ್ಕೆ ತಂತ್ರಾಂಶ ಮರುದಿನ ಕೈಕೊಡುವುದಿಲ್ಲ. ನಿಲ್ಲುವುದು ದೋಷ ಪರಿಹಾರ ಮತ್ತು ಕಾನೂನಿಗೆ ತಕ್ಕ ತಿದ್ದುಪಡಿ. ನಮ್ಮ ದೇಶದಲ್ಲಿ ಎರಡನೆಯದರ ತೂಕ ಹೆಚ್ಚು. ಇ-ಇನ್‌ವಾಯ್ಸ್ ನಿಯಮವನ್ನೇ ತೆಗೆದುಕೊಳ್ಳಿ. 2020ರ ಅಕ್ಟೋಬರ್‌ನಲ್ಲಿ 500 ಕೋಟಿ ರೂಪಾಯಿಗೂ ಹೆಚ್ಚಿನ ವಹಿವಾಟಿನವರಿಗೆ ಮಾತ್ರ ಕಡ್ಡಾಯವಾಗಿದ್ದ ಅದು, 2023ರ ಆಗಸ್ಟ್ ವೇಳೆಗೆ 5 ಕೋಟಿ ಮೀರಿದವರನ್ನೂ ಒಳಗೊಂಡಿತು. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳೇ ಬದಲಾದವು. ಇಂಥ ಬದಲಾವಣೆಗಳನ್ನು ಅರಗಿಸಿಕೊಳ್ಳಲಾರದ ತಂತ್ರಾಂಶ ಎಷ್ಟೇ ಪಳಗಿದ್ದಾದರೂ ವ್ಯಾಪಾರಕ್ಕೆ ಹೊರೆಯೇ.

ಪೀಣ್ಯದ ಸಣ್ಣ ಕಾರ್ಖಾನೆಗೂ ಶಿವಮೊಗ್ಗದ ಅಡಿಕೆ ಮಂಡಿಗೂ ಎಸ್‌ಎಪಿಯ ಗೊಡವೆ ಇಲ್ಲದಿರಬಹುದು. ಅವರಿಗೆ ಇದೇ ಪ್ರಶ್ನೆ ಬೇರೆ ರೂಪದಲ್ಲಿ ಎದುರಾಯಿತು. ಬೆಂಗಳೂರಿನ ಟ್ಯಾಲಿ ಸಂಸ್ಥೆ 2020ರ ನವೆಂಬರ್‌ನಲ್ಲಿ ‘ಟ್ಯಾಲಿ ಪ್ರೈಮ್’ ಹೊರತಂದಾಗ, ಇಆರ್‌ಪಿ 9ಕ್ಕೆ ಕೈ ಪಳಗಿದ್ದ ಗುಮಾಸ್ತರಿಗೆ ಬದಲಾವಣೆಯ ಅಗತ್ಯ ಕಾಣದಿದ್ದರೆ ಅದು ಸಹಜ. ಆದರೆ ಕಾನೂನು ಮಧ್ಯೆ ಬಂತು. ಲೆಕ್ಕದಲ್ಲಿ ಮಾಡುವ ಪ್ರತಿ ತಿದ್ದುಪಡಿಯನ್ನು ದಿನಾಂಕಸಹಿತ ದಾಖಲಿಸುವ, ಆ ದಾಖಲೆಯನ್ನು ಯಾರೂ ಸ್ಥಗಿತಗೊಳಿಸಲಾಗದ ತಂತ್ರಾಂಶವನ್ನೇ ಕಂಪನಿಗಳು ಬಳಸಬೇಕೆಂಬ ನಿಯಮ, ಎರಡು ಬಾರಿ ಮುಂದೂಡಲ್ಪಟ್ಟು, 2023ರ ಏಪ್ರಿಲ್ 1ರಿಂದ ಜಾರಿಯಾಯಿತು. ಲೆಕ್ಕ ಪರಿಶೋಧಕರು ತಮ್ಮ ವರದಿಯಲ್ಲಿ ಇದನ್ನು ನಮೂದಿಸಲೇಬೇಕು. ಕಂಪನಿ ಕಾಯ್ದೆಯಡಿ ನೋಂದಾಯಿತವಾದ ಸಂಸ್ಥೆಗಳಿಗೆ ಇಲ್ಲಿ ಆಯ್ಕೆಯ ಮಾತೇ ಇಲ್ಲ. ಸ್ವಂತ ಮಾಲೀಕತ್ವದ ಅಂಗಡಿಗೆ ಈ ನಿಯಮ ಅನ್ವಯಿಸದು. ಅಂಥವರು ಈ ಹೆಸರಿನಲ್ಲಿ ಅವಸರಪಟ್ಟು ಹಣ ತೆರಬೇಕಾಗಿಲ್ಲ. ಈ ವ್ಯತ್ಯಾಸವನ್ನು ಮಾರಾಟ ಪ್ರತಿನಿಧಿಗಳು ತಾವಾಗಿ ಬಿಡಿಸಿ ಹೇಳುವರೆಂದು ನಿರೀಕ್ಷಿಸುವುದು ಅತಿಯಾದೀತು.

ಆವೃತ್ತಿ ಬದಲಾವಣೆ ಬೇರೆ, ಸುರಕ್ಷತಾ ತೇಪೆ ಬೇರೆ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅಪಾಯಕಾರಿ. 2017ರ ಮೇ ತಿಂಗಳಲ್ಲಿ ಜಗತ್ತನ್ನು ಕಾಡಿದ ‘ವನ್ನಾಕ್ರೈ’ ದಾಳಿಗೆ ತೇಪೆ ಅದೇ ಮಾರ್ಚ್‌ನಲ್ಲೇ ಸಿದ್ಧವಿತ್ತು. ಅಂದು ಸಿಕ್ಕಿಬಿದ್ದ ಗಣಕಗಳಲ್ಲಿ ಬಹುಪಾಲು ಓಡುತ್ತಿದ್ದುದು ಆಗ ಇನ್ನೂ ಬೆಂಬಲವಿದ್ದ ವಿಂಡೋಸ್ 7. ಆವೃತ್ತಿಯ ವಿಷಯದಲ್ಲಿ ವರ್ಷಗಟ್ಟಲೆ ಯೋಚಿಸಬಹುದು, ತೇಪೆಯ ವಿಷಯದಲ್ಲಿ ವಾರಗಳಷ್ಟೇ.

ಇನ್ನು ಕಾಲದ ಆಯ್ಕೆ. ಅಮೆರಿಕದ ಮಿಠಾಯಿ ತಯಾರಕ ಸಂಸ್ಥೆ ಹರ್ಷಿಯ ಪ್ರಕರಣ ಹಳೆಯದಾದರೂ ಅದರ ಪ್ರಸ್ತುತತೆ ಕುಂದಿಲ್ಲ. 48 ತಿಂಗಳು ಬೇಕಾಗುವುದೆಂದು ಅಂದಾಜಿಸಲಾಗಿದ್ದ ಕೆಲಸವನ್ನು, 2000ನೇ ಇಸವಿಯ ಗಣಕ ದೋಷದ ಭಯದಿಂದ, 30 ತಿಂಗಳಿಗೆ ಇಳಿಸಲಾಯಿತು. ಎಸ್‌ಎಪಿ ಸೇರಿದಂತೆ ಮೂರು ಕಂಪನಿಗಳ ತಂತ್ರಾಂಶಗಳು 1999ರ ಜುಲೈನಲ್ಲಿ ಒಟ್ಟಿಗೇ ಚಾಲನೆಗೊಂಡವು. ಅಕ್ಟೋಬರ್ ಅಂತ್ಯದ ಹ್ಯಾಲೋವೀನ್ ಹಬ್ಬಕ್ಕೆ ಅಂಗಡಿಗಳಿಂದ ಬೇಡಿಕೆ ಬರುವ ಸಮಯವದು. ಗೋದಾಮಿನಲ್ಲಿ ಮಿಠಾಯಿ ಇತ್ತು, ಬೇಡಿಕೆಯೂ ಇತ್ತು. ಇದನ್ನು ಅದಕ್ಕೆ ಹೊಂದಿಸಿ ಲಾರಿ ಹತ್ತಿಸುವ ವ್ಯವಸ್ಥೆ ಮಾತ್ರ ಕೆಟ್ಟಿತ್ತು. ಸುಮಾರು 10 ಕೋಟಿ ಡಾಲರ್ ಮೌಲ್ಯದ ಬೇಡಿಕೆಯನ್ನು ಸಂಸ್ಥೆ ಪೂರೈಸಲಾಗಲಿಲ್ಲ. ಆ ತ್ರೈಮಾಸಿಕದ ಲಾಭ ಶೇಕಡಾ 19ರಷ್ಟು ಕುಸಿಯಿತು.

ದೀಪಾವಳಿಯ ಹೊಸ್ತಿಲಲ್ಲಿ ಬಟ್ಟೆ ವ್ಯಾಪಾರಿಯೂ ಕೊಯ್ಲು ಮುಗಿದು ಮಾಲು ಬರುವ ಹೊತ್ತಿಗೆ ಮಂಡಿಯವರೂ ತಂತ್ರಾಂಶಕ್ಕೆ ಕೈ ಹಾಕಕೂಡದು ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ. ಮಾರ್ಚ್ ಅಂತ್ಯವಂತೂ ಸರ್ವಥಾ ಸಲ್ಲದು. ಏಪ್ರಿಲ್ 1 ಲೆಕ್ಕದ ದೃಷ್ಟಿಯಿಂದ ಅಚ್ಚುಕಟ್ಟಾದ ದಿನವೆನಿಸಿದರೂ, ಹಳೆಯ ವರ್ಷದ ಲೆಕ್ಕ ಮುಗಿಸುವವರೂ ಹೊಸದನ್ನು ಕಲಿಯುವವರೂ ಅದೇ ಇಬ್ಬರು ಗುಮಾಸ್ತರಾಗಿದ್ದರೆ ಫಲವೇನೆಂದು ಊಹಿಸಬಹುದು. ತಿಂಗಳಲ್ಲಿಯೂ ಜಿಎಸ್‌ಟಿ ವಿವರಪಟ್ಟಿ ಸಲ್ಲಿಸುವ 11 ಮತ್ತು 20ನೇ ತಾರೀಕುಗಳ ಆಸುಪಾಸು ಬಿಡುವುದೇ ಲೇಸು.

ಹೊಸದು ಬೇಡವೆನ್ನುವ ತೀರ್ಮಾನಕ್ಕೂ ಮರ್ಯಾದೆ ಇದೆ. ಜರ್ಮನಿಯ ಚಿಲ್ಲರೆ ಮಾರಾಟ ಸಂಸ್ಥೆ ಲಿಡ್ಲ್, 2011ರಲ್ಲಿ ಆರಂಭಿಸಿದ ಎಸ್‌ಎಪಿ ಯೋಜನೆಗೆ ಸುಮಾರು 50 ಕೋಟಿ ಯೂರೋ ವೆಚ್ಚವಾಗಿದೆ ಎಂಬ ವರದಿಗಳ ನಡುವೆಯೇ 2018ರಲ್ಲಿ ಅದನ್ನು ಕೈಬಿಟ್ಟು ಹಳೆಯ ವ್ಯವಸ್ಥೆಗೆ ಮರಳಿತು. ದಾಸ್ತಾನನ್ನು ಕೊಂಡ ಬೆಲೆಯಲ್ಲಿ ಎಣಿಸುವುದು ಲಿಡ್ಲ್ ಪದ್ಧತಿ, ಮಾರುವ ಬೆಲೆಯಲ್ಲಿ ಎಣಿಸುವುದು ತಂತ್ರಾಂಶದ ಪದ್ಧತಿ. ಸಂಸ್ಥೆ ತನ್ನ ರೂಢಿ ಬಿಡಲೊಪ್ಪದೆ ತಂತ್ರಾಂಶವನ್ನೇ ತಿದ್ದಹೊರಟಿತು. ತಿದ್ದಿದಷ್ಟೂ ತೊಡಕು ಬೆಳೆಯಿತು. ನಮ್ಮಲ್ಲಿಯೂ ತಮ್ಮ ಅನುಕೂಲಕ್ಕೆಂದು ಹಿಂದೆ ಬರೆಸಿಕೊಂಡ ಬಿಲ್ ನಮೂನೆ, ವರದಿ, ಲೆಕ್ಕದ ಸೂತ್ರಗಳಿಲ್ಲದ ಉದ್ದಿಮೆ ಅಪರೂಪ. ಬರೆದುಕೊಟ್ಟವರು ಊರು ಬಿಟ್ಟಿರುತ್ತಾರೆ. ಹೊಸ ಆವೃತ್ತಿಯ ಬೆಲೆಪಟ್ಟಿಯಲ್ಲಿ ಇವುಗಳ ಸುದ್ದಿಯೇ ಇರುವುದಿಲ್ಲ, ಆದರೆ ಖರ್ಚು ಏರುವುದು ಇಲ್ಲಿಂದಲೇ.

ಆದ್ದರಿಂದ ಕರಾರಿಗೆ ಸಹಿ ಹಾಕುವ ಮುನ್ನ ಮಾಲೀಕರು ಪಟ್ಟುಹಿಡಿದು ಕೇಳಬೇಕಾದ ಸಂಗತಿಗಳಿವೆ. ತಮ್ಮದೇ ಕಳೆದ ಒಂದು ಪೂರ್ಣ ತಿಂಗಳ ಲೆಕ್ಕವನ್ನು ಹೊಸ ವ್ಯವಸ್ಥೆಯಲ್ಲಿ ಓಡಿಸಿ, ಹಳೆಯದರ ಮೊತ್ತಕ್ಕೆ ರೂಪಾಯಿ ಪೈಸೆಯಷ್ಟು ತಾಳೆಯಾಗುವುದನ್ನು ತೋರಿಸುವರೇ? ಆಗದಿದ್ದಲ್ಲಿ ಎಷ್ಟು ಗಂಟೆಗಳೊಳಗೆ ಹಳೆಯದಕ್ಕೆ ಮರಳಬಹುದು, ಆ ಖರ್ಚು ಯಾರದು? ಉತ್ತರ ಬಾಯಿಮಾತಿನಲ್ಲಿ ಬಂದರೆ ಸಾಲದು, ಕಾಗದದ ಮೇಲೆ ಬರಬೇಕು.