ಮಾಂಸಪೇಶಿಗಳ ಧರ್ಮ

ರೂಢಿಯಲ್ಲಿ ನಾವು ಮಾಂಸಖಂಡಗಳನ್ನು ‘ಸ್ನಾಯು’ಗಳೆಂದು ಕರೆಯುತ್ತೇವೆ. ಆಯುರ್ವೇದದಲ್ಲಾದರೋ ಸ್ನಾಯುವೆಂದರೆ ಸಂಧಿಗಳನ್ನು ಬಿಗಿಯುವ ನಾರು. ಮಾಂಸಖಂಡಕ್ಕೆ ‘ಪೇಶಿ’ಯೆಂದೇ ಹೆಸರು. ಸುಶ್ರುತಸಂಹಿತೆಯಲ್ಲಿ ಪೇಶಿಗಳು 500 ಎಂದಿದೆ. ಇಂದಿನ ಶಾರೀರಶಾಸ್ತ್ರದ ಗಣನೆ 600ಕ್ಕೂ ಮಿಕ್ಕಿದೆ. ಇವುಗಳಲ್ಲಿ ಮೂರು ಬಗೆ: ನಮ್ಮ ಇಚ್ಛೆಯಂತೆ ಎಲುಬುಗಳನ್ನು ಆಡಿಸುವವು, ಇಚ್ಛೆಗೆ ಒಳಪಡದೆ ಜಠರ, ಕರುಳು, ರಕ್ತನಾಳಗಳಲ್ಲಿ ದುಡಿಯುವವು, ಹುಟ್ಟುವುದಕ್ಕೆ ಮೊದಲೇ ತೊಡಗಿ ಕಡೆಯವರೆಗೂ ಮಿಡಿಯುವ ಹೃದಯದ ಪೇಶಿ.

ಪೇಶಿಯ ಮುಖ್ಯ ಧರ್ಮವು ಸಂಕೋಚ. ನರದ ಪ್ರೇರಣೆ ಬಂದೊಡನೆ ಬಿಗಿಯುವುದು, ನಿಂತೊಡನೆ ಸಡಿಲುವುದು. ಅದು ಎಳೆಯಬಲ್ಲುದು, ನೂಕಲಾರದು. ಕುರುಗೋಡಿನ ದೊಡ್ಡಬಸವೇಶ್ವರನ ತೇರನ್ನು ನೆನೆಯಿರಿ. ಹಗ್ಗ ಹಿಡಿದು ಸೆಳೆಯುವವನ ತೋಳಿನ ಮುಂಭಾಗದ ಪೇಶಿ ಬಿಗಿದು ಮೊಣಕೈಯನ್ನು ಮಡಿಸುವುದು. ಹಿಂದಿನಿಂದ ನೂಕುವವನಲ್ಲಿ ತೋಳಿನ ಹಿಂಭಾಗದ ಪೇಶಿ ಬಿಗಿದು ಮೊಣಕೈಯನ್ನು ನೀಡುವುದು. ಹೊರಗೆ ನೂಕಾಗಿ ಕಾಣುವುದೂ ಒಳಗೆ ಎಳೆತವೇ. ಆದುದರಿಂದಲೇ ಒಂದು ಪೇಶಿಗೆ ಎದುರಾಗಿ ಇನ್ನೊಂದು ಇರುವುದು.

ಅಲುಗದೆಯೂ ಪೇಶಿ ದುಡಿಯುವುದುಂಟು. ಸಿರುಗುಪ್ಪದ ಗದ್ದೆಗಳಲ್ಲಿ ಬಾಗಿ ಭತ್ತದ ಸಸಿ ನೆಡುವ ಹೆಣ್ಣುಮಕ್ಕಳ ಬೆನ್ನಿನ ಪೇಶಿಗಳು ಮೈಭಾರವನ್ನು ಬಹಳ ಹೊತ್ತು ತಡೆದು ಹಿಡಿದಿರುತ್ತವೆ. ಬಿಗಿದೇ ಇರುವ ಪೇಶಿಗೆ ರಕ್ತದ ಸಂಚಾರ ಕಡಿಮೆಯಾಗಿ ಬೇಗ ದಣಿವು ಬರುವುದು. ನಡುನಡುವೆ ನೆಟ್ಟಗೆ ನಿಲ್ಲುವುದು ಸೋಮಾರಿತನವಲ್ಲ, ಅವಶ್ಯವಾದ ವಿಶ್ರಾಂತಿ.

ಬಳ್ಳಾರಿಯ ಕೋಟೆಗುಡ್ಡವನ್ನು ಹತ್ತುವಾಗ ಏದುಸಿರು ಬರುವುದು. ಮರುದಿನ ತೊಡೆ ನೋಯುವುದು ಮಾತ್ರ ಹೆಚ್ಚಾಗಿ ಇಳಿದುದರ ಫಲ. ಇಳಿಯುವಾಗ ತೊಡೆಯ ಪೇಶಿಗಳು ಬಿಗಿದಿರುವಂತೆಯೇ ಉದ್ದವಾಗಬೇಕಾಗಿ, ಅವುಗಳ ಸೂಕ್ಷ್ಮ ತಂತುಗಳು ಅಲ್ಲಲ್ಲಿ ಘಾಸಿಗೊಳ್ಳುತ್ತವೆ. ಕೆಲವು ದಿನಗಳಲ್ಲಿ ಅವು ಸರಿಹೋಗುತ್ತವೆ. ಮುಂದಿನ ಸಲ ಅಷ್ಟು ನೋವಿರದು.

ದುಡಿಸಿದರೆ ಬಲಿಯುವುದು, ಬಿಟ್ಟರೆ ಕರಗುವುದು, ಇದೂ ಪೇಶಿಯ ಧರ್ಮವೇ. ಇಲ್ಲಿಯೇ ಗೃಹಸ್ಥರು ಎಚ್ಚರವಹಿಸಬೇಕು. ನಮ್ಮ ಮನೆಗಳಲ್ಲಿ ಅರುವತ್ತು ದಾಟಿದವರಿಗೆ “ತಾವು ಕುಳಿತಿರಿ, ನಾವು ತಂದುಕೊಡುತ್ತೇವೆ” ಎನ್ನುವುದೇ ಮರ್ಯಾದೆ. ವಯಸ್ಸಿನಿಂದ ಮೊದಲೇ ಕುಗ್ಗುವ ಪೇಶಿ ಈ ಮರ್ಯಾದೆಯಿಂದ ಮತ್ತಷ್ಟು ಕುಗ್ಗುವುದು. ಕಾಲಿನ ಬಲ ಹೋದವರು ಬಚ್ಚಲಲ್ಲಿಯೋ ಹೊಸ್ತಿಲಲ್ಲಿಯೋ ಬಿದ್ದು ಸೊಂಟ ಮುರಿದುಕೊಳ್ಳುವುದು ಅಪರೂಪವಲ್ಲ. ಮುಪ್ಪಿನಲ್ಲಿಯೂ ಪೇಶಿ ಅಭ್ಯಾಸದಿಂದ ಬಲಿಯುವುದು ನಿಶ್ಚಿತ. ಹಿರಿಯರು ದಿನವೂ ನಡೆಯಲಿ. ಗಟ್ಟಿಯಾದ ಕುರ್ಚಿಯಿಂದ ಸಾಧ್ಯವಾದರೆ ಕೈಯೂರದೆ ಹಲವು ಸಲ ಎದ್ದು ಕುಳಿತುಕೊಳ್ಳಲಿ. ಊಟದಲ್ಲಿ ಬೇಳೆ, ಹಾಲು, ಶೇಂಗಾ ಇರಲಿ. ವ್ಯಾಧಿಗ್ರಸ್ತರು ವೈದ್ಯರನ್ನು ಕೇಳಿ ತೊಡಗುವುದು ಮೇಲು. ಉಳಿದವರ ಕೈಯಿಂದ ಮಕ್ಕಳು ಮನೆಗೆಲಸವನ್ನೆಲ್ಲ ಕಸಿದುಕೊಳ್ಳದಿರಲಿ.