ಕೈ ಸೇರದ ನಕ್ಷೆ

ಅವಘಡವೊಂದು ನಡೆದೊಡನೆ ‘ತಪ್ಪು ಯಾರದು?’ ಎಂದು ಕೇಳುವುದು ಲೋಕರೂಢಿ. ಕಡೆಗೆ ಯಂತ್ರ ಮುಟ್ಟಿದವನ ಹೆಸರು ದೊರೆತರೆ ವಿಚಾರಣೆ ಮುಗಿಯಿತೆಂದು ಭಾವಿಸುವವರೇ ಹೆಚ್ಚು. ಆದರೆ ಗಣಿಗಳ ಚರಿತ್ರೆಯನ್ನು ನೋಡಿದರೆ, ತಪ್ಪಿನ ಬೇರು ಅನೇಕ ಸಲ ಆ ಕೈಯಿಂದ ಬಹುದೂರದಲ್ಲಿರುತ್ತದೆ.

೨೦೦೨ರ ಜುಲೈ ೨೪ರ ರಾತ್ರಿ ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದ ಕ್ಯೂಕ್ರೀಕ್ ಕಲ್ಲಿದ್ದಲ ಗಣಿಯಲ್ಲಿ ೧೮ ಮಂದಿ ದುಡಿಯುತ್ತಿದ್ದರು. ಕೊರೆಯುವ ಯಂತ್ರವು ಗೋಡೆಯನ್ನು ಭೇದಿಸಿದೊಡನೆ ನೀರು ಭೋರ್ಗರೆದು ನುಗ್ಗಿತು. ದಶಕಗಳ ಹಿಂದೆ ಮುಚ್ಚಿದ್ದ ಸ್ಯಾಕ್ಸ್‌ಮನ್ ಗಣಿಯಲ್ಲಿ ತುಂಬಿ ನಿಂತಿದ್ದ ನೀರು ಅದು. ಕೆಲಸಗಾರರು ನಂಬಿದ್ದ ನಕ್ಷೆಯ ಪ್ರಕಾರ ಆ ಹಳೆಯ ಗಣಿ ಇನ್ನೂ ಸುಮಾರು ೩೦೦ ಅಡಿ ದೂರವಿತ್ತು. ಅದರ ಅಂತಿಮ ನಕ್ಷೆ ಅವರ ಕೈ ಸೇರಿರಲೇ ಇಲ್ಲ.

ಸಿಲುಕಿದವರು ಆ ಗಳಿಗೆಯಲ್ಲಿಯೂ ದೂರವಾಣಿಯ ಮೂಲಕ ಇನ್ನೊಂದು ತಂಡವನ್ನು ಎಚ್ಚರಿಸಿದರು. ಆ ೯ ಮಂದಿ ಪಾರಾದರು. ಉಳಿದ ೯ ಮಂದಿ ಸುಮಾರು ೨೪೦ ಅಡಿ ಆಳದಲ್ಲಿ ಉಳಿದರು. ಮೇಲಿನಿಂದ ರಂಧ್ರ ಕೊರೆದು ಗಾಳಿ ಒದಗಿಸಿ, ಬಳಿಕ ಉಕ್ಕಿನ ಪಂಜರವನ್ನಿಳಿಸಿ, ಜುಲೈ ೨೮ರಂದು ಅವರೆಲ್ಲರನ್ನೂ ಜೀವಂತವಾಗಿ ಮೇಲೆತ್ತಲಾಯಿತು.

ನಮ್ಮ ದೇಶದಲ್ಲಿಯೂ ಹಳೆಯ ಸುರಂಗಗಳ ನೀರು ಗಣಿಗೆ ನುಗ್ಗಿದ್ದುಂಟು. ೧೯೭೫ರ ಡಿಸೆಂಬರ್ ೨೭ರಂದು ಧನಬಾದ್ ಬಳಿಯ ಚಾಸನಾಲಾದಲ್ಲಿ ೩೭೦ಕ್ಕೂ ಹೆಚ್ಚು ಜನ ಅಸುನೀಗಿದರು. ೧೯೮೯ರ ನವೆಂಬರ್‌ನಲ್ಲಿ ಪಶ್ಚಿಮ ಬಂಗಾಳದ ರಾಣಿಗಂಜ್ ಪ್ರದೇಶದ ಮಹಾಬೀರ್ ಗಣಿಯಲ್ಲಿ ೭೧ ಮಂದಿ ಸಿಲುಕಿ, ೬ ಮಂದಿ ಮಡಿದರು. ಇಂಜಿನಿಯರ್ ಜಸವಂತ ಸಿಂಗ್ ಗಿಲ್ ಅವರು ಉಕ್ಕಿನ ಕೋಶವೊಂದರಲ್ಲಿ ಸ್ವತಃ ಕೆಳಗಿಳಿದು, ಉಳಿದ ೬೫ ಮಂದಿಯನ್ನು ಒಬ್ಬೊಬ್ಬರಾಗಿ ಮೇಲಕ್ಕೆ ಕಳುಹಿಸಿದರು.

ಬ್ರಿಟನ್ನಿನ ಮನೋವಿಜ್ಞಾನಿ ಜೇಮ್ಸ್ ರೀಸನ್ ಅವರು ೧೯೯೦ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮಾನವ ದೋಷವನ್ನು ಎರಡಾಗಿ ವಿಂಗಡಿಸಿದ್ದಾರೆ. ಒಂದು, ಕೆಲಸದ ವೇಳೆಯಲ್ಲಿ ಕೈ ಮಾಡುವ ತಪ್ಪು. ಅದು ಕೂಡಲೇ ಕಾಣುತ್ತದೆ. ಇನ್ನೊಂದು, ವ್ಯವಸ್ಥೆಯೊಳಗೆ ಅಡಗಿ ಕುಳಿತು, ವರ್ಷಗಳ ಬಳಿಕ ಬೇರೊಬ್ಬರ ಮೇಲೆರಗುವ ತಪ್ಪು. ಕೈ ಸೇರದ ನಕ್ಷೆ ಈ ಎರಡನೆಯ ಬಗೆಯದು.

ಆದುದರಿಂದಲೇ ನೀರು ನಿಂತ ಹಳೆಯ ಗಣಿಯ ೬೦ ಮೀಟರ್ ಸಮೀಪಕ್ಕೆ ಹೋಗುವಾಗ ಅನುಮತಿ ಪಡೆದು, ಮುಂಚಿತವಾಗಿ ರಂಧ್ರ ಕೊರೆದು ಪರೀಕ್ಷಿಸಬೇಕೆಂಬ ನಿಯಮ ನಮ್ಮಲ್ಲಿದೆ. ನಕ್ಷೆಯನ್ನು ನಂಬಬೇಕು, ಆದರೆ ಪರೀಕ್ಷಿಸದೆ ನಂಬಬಾರದು ಎಂಬುದೇ ಅದರ ತಿರುಳು.

ಕಾಯಕವೆಂದರೆ ನಮ್ಮ ಪಾಲಿನ ಕೆಲಸವನ್ನು ಮುಗಿಸಿ ಏಳುವುದಷ್ಟೇ ಅಲ್ಲ. ಮುಂದೆ ಆ ಜಾಗದಲ್ಲಿ ನಿಲ್ಲುವವರಿಗೆ ನಾವು ಕಂಡ ಅಪಾಯವನ್ನು ತಿಳಿಸಿದಾಗಲೇ ಅದು ಪೂರ್ಣವಾಗುತ್ತದೆ. ನಮ್ಮ ಮನೆಯಿಂದ ದುಡಿಯಲು ಹೋದವರು ಸಂಜೆ ಕ್ಷೇಮವಾಗಿ ಮರಳುವುದು, ನಾವೆಂದೂ ಕಾಣದ ಯಾರದೋ ಪ್ರಾಮಾಣಿಕ ಬರಹವನ್ನು ಅವಲಂಬಿಸಿರುತ್ತದೆ.